ಬೋಗುಣಿಯೊಳಗಿನ ಪಂಚರು

ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವನು ನಾನು. ಕೊನೆಯ ಕೆಲವು ವರ್ಷ 'ಪಂಚ್' ಅಂದರೆ ಬೆಳಗ್ಗೆ ಹತ್ತಕ್ಕೆ ಯಂತ್ರದ ಮೇಲೆ ಹೆಬ್ಬೆರಳು ಒತ್ತುವುದು. ಎಲೆಗೆ ಸುಣ್ಣ ಹಚ್ಚಿದ ಬೆರಳಾದರೆ ಆ ಯಂತ್ರ ನನ್ನ ಗುರುತೇ ಹಿಡಿಯುತ್ತಿರಲಿಲ್ಲ.

ಹಾಗಾಗಿ ಪುಣೆಯಿಂದ ಬಂದ ಮಗಳು "ಅಪ್ಪಾ, ಶನಿವಾರ ಮಾಳಗಿ ಮ್ಯಾಲೆ ಪಾರ್ಟಿ ಮಾಡೋಣು, ನಾ ಪಂಚ್ ಮಾಡ್ತೀನಿ" ಅಂದಾಗ ನನಗೆ ಮೊದಲು ನೆನಪಾದದ್ದು ಆ ಯಂತ್ರ. ಆಮೇಲೆ ಮುಷ್ಟಿ. ಕುಡಿಯುವ ಪಂಚ್ ಹೊಳೆದದ್ದು ಅವಳು ಫೋನಿನಲ್ಲಿ ಚಿತ್ರ ತೋರಿಸಿದ ಮೇಲೆ. ದೊಡ್ಡ ಗಾಜಿನ ಬೋಗುಣಿ, ತೇಲುವ ಹಣ್ಣಿನ ಹೋಳು, ಪಕ್ಕಕ್ಕೊಂದು ಸೌಟು. ಅಲ್ಲೇ ಕೂತು ಹವೀಜ ಆರಿಸುತ್ತಿದ್ದ ನಮ್ಮವ್ವ ಇಣುಕಿ ನೋಡಿ, "ಯುಗಾದಿ ಹೋಗಿ ತಿಂಗಳಾತು. ಈಗ್ಯಾಕ ಬೇವು ಮಾಡ್ತೀರಿ?" ಅಂದಳು.

ಬೆಂಗಳೂರು ಕಡೆಯವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಅಲ್ಲಿ ಬೇವು ಬೆಲ್ಲ ಅಂದರೆ ಅಂಗೈಯಲ್ಲಿ ಒಂದು ಚೂರು. ನಮ್ಮ ವಿಜಯಪುರದಲ್ಲಿ ಬೇವು ಕುಡಿಯುವ ವಸ್ತು. ಹುಣಸೆಹಣ್ಣಿನ ನೀರಿಗೆ ಬೆಲ್ಲ, ಪುಟಾಣಿ ಹಿಟ್ಟು, ಒಣದ್ರಾಕ್ಷಿ, ಗೋಡಂಬಿ, ಉತ್ತತ್ತಿ, ಮಾವಿನಕಾಯಿ, ಮೇಲೆ ಬೇವಿನ ಹೂವು. ಕೊಳಗದ ತುಂಬ ಮಾಡಿ, ಬಂದವರಿಗೆಲ್ಲ ಸೌಟಿನಿಂದ ಹಾಕುವುದು. ಅಲಾಯಿ ಹಬ್ಬದ, ಅಂದರೆ ಮೊಹರಮ್ಮಿನ, ಶರಬತ್ತೂ ಹಾಗೆಯೇ, ಹಂಡೆಯಿಂದ ನೇರ ಗ್ಲಾಸಿಗೆ. ಅವ್ವ ಹೇಳಿದ್ದರಲ್ಲಿ ತಪ್ಪೇನಿಲ್ಲ.

ಮಗಳಿಗೆ ಮಾತ್ರ ಸ್ವಲ್ಪ ಬೇಜಾರಾಯಿತು. ಅಷ್ಟು ದೂರದಿಂದ ಹೊಸದೊಂದನ್ನು ತಂದರೆ ಮನೆಯವರು ಅದು ಕೊಳಗದಲ್ಲೇ ಇತ್ತು ಅನ್ನಬಾರದು, ಅಲ್ವಾ?

ಆದರೆ ಸ್ವಲ್ಪ ಓದಿ ನೋಡಿದರೆ ಇತ್ತು ಅಂತಲೇ ಅನ್ನಬೇಕಾಗುತ್ತದೆ. ಈ ಪೇಯದ ಹೆಸರು ಮೊದಲು ಕಾಣಿಸುವುದು 1632ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ನೌಕರ ಇಂಡಿಯಾದಲ್ಲಿದ್ದ ಇನ್ನೊಬ್ಬನಿಗೆ ಬರೆದ ಕಾಗದದಲ್ಲಿ. ಆಗ ವಿಜಯಪುರದ ಗದ್ದುಗೆಯ ಮೇಲಿದ್ದವನು ಮುಹಮ್ಮದ್ ಆದಿಲ್ ಶಾಹ. ಅಂದರೆ ನಮ್ಮ ಮಾಳಿಗೆಯಿಂದ ಕಾಣುವ ಗೋಳಗುಮ್ಮಟ ಮತ್ತು ಈ ಪಂಚ್ ಒಂದೇ ಕಾಲದವು. 1670ರ ದಶಕದಲ್ಲಿ ಜಾನ್ ಫ್ರೈಯರ್ ಎಂಬ ಕಂಪನಿಯ ವೈದ್ಯ ಈ ಕಡೆ ತಿರುಗಾಡಿದ. ನಮ್ಮ ಕಾರವಾರಕ್ಕೂ ಬಂದಿದ್ದ. ಗೋವೆಯ ಸಾರಾಯಿಯಿಂದ ಇಂಗ್ಲಿಷರು ಒಂದು ಪೇಯ ಮಾಡುತ್ತಾರೆ, ಅದಕ್ಕೆ 'ಪಾಂಚ್' ಅನ್ನುತ್ತಾರೆ, ಹಿಂದುಸ್ತಾನಿಯಲ್ಲಿ ಹಾಗಂದರೆ ಐದು, ಅದರಲ್ಲಿ ಬೀಳುವುದು ಐದು ವಸ್ತು ಅಂತ ಬರೆದಿಟ್ಟ. ಅದು ಮೈಯ ಕಸುವು ಇಳಿಸುವ ಪೇಯ ಅಂತಲೂ ಸೇರಿಸಿದ. ವೈದ್ಯನಲ್ಲವೇ.

ಸಾಮಾನ್ಯವಾಗಿ ಹೇಳುವ ಐದು ಇವು: ಸಾರಾಯಿ, ಸಕ್ಕರೆ, ಲಿಂಬೆರಸ, ನೀರು, ಮಸಾಲೆ. ಮಸಾಲೆಯ ಜಾಗದಲ್ಲಿ ಕೆಲವೊಮ್ಮೆ ಚಹಾ. ಕೆಲವು ಪಂಡಿತರು ಈ ಐದರ ಕತೆಯನ್ನು ಒಪ್ಪುವುದಿಲ್ಲ. 'ಪಂಚನ್' ಎಂಬ ಪೀಪಾಯಿಯಿಂದ ಹೆಸರು ಬಂತು ಅನ್ನುತ್ತಾರೆ. ನನಗೆ ಐದೇ ಇಷ್ಟ. ಪೀಪಾಯಿಗೆ ಮಾತಾಡಲು ಬರುವುದಿಲ್ಲ. ಐದು ಮಂದಿ ಸೇರಿದರೆ ಪಂಚಾಯ್ತಿಯಾದರೂ ಆಗುತ್ತದೆ.

ಪಂಚಾಯ್ತಿ ಅಂತ ತಮಾಷೆಗೆ ಹೇಳಲಿಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಇದಕ್ಕೊಂದು ಲೆಕ್ಕದ ಹಾಡೇ ಇದೆ. ಹುಳಿ ಒಂದು, ಸಿಹಿ ಎರಡು, ಖಡಕ್ ಮೂರು, ಸಪ್ಪೆ ನಾಲ್ಕು. ಹಳ್ಳಿಯ ಕಟ್ಟೆಯ ಮೇಲೂ ಇದೇ ಲೆಕ್ಕ ನೋಡಿ. ಹುಳಿ ಮಾತಿನವನು ಒಬ್ಬನಿದ್ದರೆ ಸಾಕು. ಬೆಲ್ಲದಂಥ ಮಾತಿನವರು ಇಬ್ಬರು ಬೇಕು. ಎಲ್ಲಕ್ಕಿಂತ ಜಾಸ್ತಿ ಬೇಕಾದವನು ಸುಮ್ನೆ ತಲೆಯಾಡಿಸುವ ಸಪ್ಪೆ ಮನುಷ್ಯ. ಅವನಿಲ್ಲದಿದ್ದರೆ ಜಗಳ ಮುಗಿಯುವುದೇ ಇಲ್ಲ. ಐದನೆಯದಾದ ಮಸಾಲೆಗೆ ಈ ಹಾಡಿನಲ್ಲಿ ಅಳತೆಯಿಲ್ಲ. ಅದು ಚಿಟಿಕೆ.

ನಮ್ಮ ಮನೆಯಲ್ಲಿ ಸಾರಾಯಿಯ ಪ್ರಶ್ನೆಯೇ ಇಲ್ಲ. ರಾಜ್ಯದಲ್ಲೇ 2007ರಲ್ಲಿ ಅದು ಬಂದ್ ಆಯಿತು, ನಮ್ಮ ಮನೆಯಲ್ಲಿ ಅದಕ್ಕೂ ಎಷ್ಟೋ ಮೊದಲೇ ಬಂದ್. ಖಡಕ್ ಜಾಗಕ್ಕೆ ಹಾಲಿಲ್ಲದ ಚಹಾ ಅಂತ ತೀರ್ಮಾನವಾಯಿತು. ಲೀಟರಿಗೆ ಐದು ಚಮಚ ಪುಡಿ, ನಾಲ್ಕೇ ನಿಮಿಷ. ಜಾಸ್ತಿ ಬಿಟ್ಟರೆ ಒಗರು.

ಇಪ್ಪತ್ತು ಮಂದಿ, ತಲೆಗೆ 200 ಮಿಲಿ, ಒಟ್ಟು 4 ಲೀಟರ್ ಅಂತ ಮಗಳು ಲೆಕ್ಕ ಹಾಕಿದಳು. "ಬ್ಯಾಸಿಗ್ಯಾಗ ಮಂದಿ ಒಂದ ಗ್ಲಾಸಿಗೆ ಏಳ್ತಾರೇನು? ದುಪ್ಪಟ್ಟು ಮಾಡ್ರಿ" ಅಂದಳು ಅವ್ವ. 8 ಲೀಟರ್ ಆಯಿತು. ಅಂದರೆ ಲಿಂಬೆರಸ 800 ಮಿಲಿ, ಸಕ್ಕರೆ ಪಾಕ 1.6 ಲೀಟರ್, ಚಹಾ 2.4, ಸಪ್ಪೆ 3.2. ಪಾಕ ಅಂದರೆ ಸಕ್ಕರೆ ಒಂದು ಲೋಟಕ್ಕೆ ನೀರು ಒಂದು ಲೋಟ, ಬಿಸಿ ಮಾಡಿ ಕರಗಿಸಿದರೆ ಸಾಕು. ಬೆಚ್ಚಗಿದ್ದಾಗ ರುಚಿ ನೋಡಿ ಸಿಹಿ ಜಾಸ್ತಿಯಾಯಿತು ಅಂತ ಗಾಬರಿಯಾಗಬಾರದು. ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ನಾನು ಗಾಬರಿಯಾಗಿ ನೀರು ಹಾಕಲು ಹೋಗಿ ಬೈಸಿಕೊಂಡೆ.

800 ಮಿಲಿ ರಸಕ್ಕೆ ಐವತ್ತು ಲಿಂಬೆಹಣ್ಣು. ಹಿಂಡುವ ಕೆಲಸ ನಿವೃತ್ತರದು. ನಮಗೆ ಲಿಂಬೆಯ ಬರವಿಲ್ಲ. ಇಂಡಿ ನಮ್ಮ ಜಿಲ್ಲೆಯದೇ, ಅಲ್ಲಿಯ ಲಿಂಬೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಲಿಂಬೆಗೊಂದು ಅಭಿವೃದ್ಧಿ ಮಂಡಳಿಯೂ ಅಲ್ಲೇ ಇದೆ. ಆದರೂ ಏಪ್ರಿಲ್‌ನಲ್ಲಿ ಐವತ್ತು ಹಣ್ಣು ಕೇಳಿದರೆ ಮಾರುವವಳು "ಲಗ್ನ ಐತೇನ್ರಿ?" ಅಂತ ಕೇಳುತ್ತಾಳೆ.

ಪಂಚಿನ ಗುಟ್ಟು ಇರುವುದು ರಸದಲ್ಲಲ್ಲ, ಸಿಪ್ಪೆಯಲ್ಲಿ. ಲಿಂಬೆಯ ಪರಿಮಳವೆಲ್ಲ ಸಿಪ್ಪೆಯ ಎಣ್ಣೆಯಲ್ಲಿದೆ. ಸಿಪ್ಪೆ ಸುಲಿದು ಸಕ್ಕರೆಯಲ್ಲಿ ಮೂರು ನಾಲ್ಕು ತಾಸು ಹೂತಿಟ್ಟರೆ ಸಕ್ಕರೆ ಆ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಮಗಳು ಕಲಿತು ಬಂದದ್ದು ಈ ದಾರಿ. ಆದರೆ ನಮ್ಮದು ಕಾಗಜಿ ಲಿಂಬೆ. ಹೆಸರೇ ಹೇಳುವಂತೆ ಸಿಪ್ಪೆ ಕಾಗದ. ಸುಲಿಯಲು ಹೋದರೆ ಒಳಗಿನ ಬಿಳಿ ಭಾಗವೂ ಬಂದು ಕಹಿ. ನಾಲ್ಕು ಹಣ್ಣು, ಒಂದು ಬೆರಳು ಹಾಳಾದವು. ಆಗ ನನ್ನ ಹೆಂಡತಿ ಖಡಿಸಕ್ಕರೆಯ ಒಂದು ದೊಡ್ಡ ಹರಳು ತಂದು ಇಡೀ ಲಿಂಬೆಯ ಮೇಲೆ ಗಸಗಸ ತಿಕ್ಕಿದಳು. ಹರಳು ಹಳದಿಯಾಯಿತು, ಮನೆ ತುಂಬ ಘಮ. ಹಿಂದಿನ ಕಾಲದ ಇಂಗ್ಲಿಷರೂ ಸಕ್ಕರೆ ಗಡ್ಡೆಯನ್ನು ಹೀಗೇ ತಿಕ್ಕುತ್ತಿದ್ದರಂತೆ. ಅದನ್ನು ಹೆಂಡತಿಗೆ ಹೇಳಿದೆ. "ಅವರಿಗೆ ಯಾರು ಹೇಳಿಕೊಟ್ಟಿದ್ರಂತ?" ಅಂದಳು.

ಆಮೇಲೆ ಪಾತ್ರೆಯ ಜಗಳ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಮಗಳು ಅಟ್ಟದ ಹಿತ್ತಾಳೆ ಕೊಳಗ ಇಳಿಸಿದ್ದಳು. ಅವ್ವ ಕಟ್ಟುನಿಟ್ಟು. "ಕಲಾಯಿ ಹೋಗೇತಿ. ಹುಳಿ ಹಾಕಿದರ ಕಿಲುಬು ಬಿಡ್ತದ." ಅವಳದೇ ಸರಿ. ಸ್ಟೀಲಿನ ಬೋಗುಣಿಯೇ ಗತಿಯಾಯಿತು. ಸುತ್ತ ಇಳಕಲ್ ಸೆರಗು ಸುತ್ತಿದ ಮೇಲೆ ಫೋಟೋ ತೆಗೆದಳು.

ಬರ್ಫಿನ ವಿಷಯದಲ್ಲಿ ಮಾತ್ರ ಮಗಳು ನಮ್ಮೆಲ್ಲರಿಗಿಂತ ಜಾಣೆ. ಚಿಕ್ಕ ತುಂಡು ಬೇಡ ಅಂದಳು. ತುಂಡು ಚಿಕ್ಕದಾದಷ್ಟು ಹೊರಮೈ ಜಾಸ್ತಿ, ಬೇಗ ಕರಗಿ ಪಂಚ್ ನೀರು ನೀರು. ಎರಡು ಸ್ಟೀಲ್ ಡಬ್ಬಿಯಲ್ಲಿ ನೀರು ತುಂಬಿ ಹಿಂದಿನ ದಿನವೇ ಗಡ್ಡೆ ಕಟ್ಟಿಸಿದಳು. ಹಾಡಿನ ಸಪ್ಪೆ ನಾಲ್ಕರಲ್ಲಿ ಅರ್ಧ ಈ ಬರ್ಫ್ ನಿಧಾನಕ್ಕೆ ಕರಗಿ ಆಗುವ ನೀರು, ಅರ್ಧ ಸೋಡಾ. ಸೋಡಾ ಎಲ್ಲಕ್ಕಿಂತ ಕೊನೆಗೆ, ಮಂದಿ ಮೆಟ್ಟಿಲು ಹತ್ತುವ ಸಪ್ಪಳ ಕೇಳಿದ ಮೇಲೆ. ಹಳೆಯ ಪಂಚಿನಲ್ಲಿ ಬರ್ಫ್ ಎಲ್ಲಿಂದ ಬರಬೇಕು? ಅಮೆರಿಕದ ಬೋಸ್ಟನ್‌ನಿಂದ ಬರ್ಫ್ ತುಂಬಿದ ಮೊದಲ ಹಡಗು ಕಲಕತ್ತೆಗೆ ಬಂದದ್ದು 1833ರಲ್ಲಿ. ಪಂಚಿನ ಹೆಸರಿದ್ದ ಆ ಮೊದಲ ಕಾಗದಕ್ಕೆ ಆಗ ಇನ್ನೂರು ವರ್ಷ.

ನಡುವೆ ನಾನೊಂದು ಅತಿಬುದ್ಧಿ ತೋರಿಸಿದೆ. ಥಂಡಾಯಿಯ ಹಾಗೆ ಇದಕ್ಕೂ ಹಾಲು ಹಾಕಿದರೆ ಹೇಗೆ ಅಂತ, ಒಂದು ತಂಬಿಗೆ ಪಂಚ್ ಬೇರೆ ತೆಗೆದು ಹಾಲು ಸುರಿದೆ. ಒಡೆಯಿತು. ಒಡೆಯದೆ ಏನಾಗುತ್ತದೆ? ಚೆಲ್ಲಲು ಹೊರಟವನನ್ನು ಮಗಳು ತಡೆದಳು. ಬಟ್ಟೆಯಲ್ಲಿ ಎರಡು ಸಲ ಸೋಸಿದಳು. ಕೆಳಗಿಳಿದದ್ದು ಹೊಂಬಣ್ಣದ ತಿಳಿ ನೀರು. ಚಹಾದ ಒಗರನ್ನೆಲ್ಲ ಹಾಲಿನ ಗಸಿ ಹಿಡಿದಿಟ್ಟುಕೊಂಡಿತ್ತು, ರುಚಿ ರೇಷ್ಮೆಯಂತೆ ನುಣ್ಣಗೆ. ಇದಕ್ಕೂ ಹಳೆಯ ಹೆಸರಿದೆ, ಹಾಲಿನ ಪಂಚ್. ಬೆಂಜಮಿನ್ ಫ್ರಾಂಕ್ಲಿನ್ 1763ರಲ್ಲಿ ಗೆಳೆಯನಿಗೆ ಇದನ್ನು ಮಾಡುವ ವಿಧಾನ ಬರೆದು ಕಳಿಸಿದ್ದ. ಹಾಲು ಒಡೆದರೆ ನಾವು ಹಾಲಿನವನನ್ನು ಬೈಯುತ್ತೇವೆ, ಅವರು ವಿಧಾನ ಬರೆದಿಡುತ್ತಾರೆ.

ಸಂಜೆ ಏಳಕ್ಕೆ ಮಂದಿ ಬಂದರು. ಬೋಗುಣಿಯ ಹಿಂದೆ ಸೌಟು ಹಿಡಿದು ನಿಂತೆ. ಅಲ್ಲಿ ನಿಂತಾಗ ನನಗೆ ಈ ಪೇಯ ಯಾಕೆ ಇಷ್ಟವಾಯಿತು ಅಂತ ಗೊತ್ತಾಯಿತು. ಲಗ್ನದ ಮನೆಗಳಲ್ಲಿ ಈಗ ಬಾಗಿಲಲ್ಲೇ ಒಂದು ನೀಲಿ ನೀರಿನ ಗ್ಲಾಸು ಕೈಗಿಟ್ಟು, ಕೊಟ್ಟವನು ಮುಖ ನೋಡದೆ ಮುಂದಿನವರ ಕಡೆ ತಿರುಗುತ್ತಾನೆ. ಬೋಗುಣಿಯ ಮುಂದೆ ಹಾಗಾಗದು. ಗ್ಲಾಸು ಮುಂದೆ ಚಾಚಬೇಕು, ಹಾಕುವವನು ಎರಡು ಮಾತಾಡಬೇಕು. ನಿನಗೊಂದು ರುಚಿ, ನನಗೊಂದು ರುಚಿ ಅಂತ ಇಲ್ಲ. ಹುಳಿಯಾದರೆ ಇಪ್ಪತ್ತು ಮಂದಿಗೂ ಹುಳಿ.

ಹಿಂದಿನ ಮನೆಯ ಕಾಕಾ ಮಾತ್ರ ದೂರ ನಿಂತಿದ್ದರು. ಪಂಚ್ ಅನ್ನುವ ಹೆಸರೇ ಅವರಿಗೆ ಅನುಮಾನ. "ಇದರಾಗ ಅದು ಇಲ್ಲ, ಹೌದಿಲ್ಲೊ?" ಅಂತ ಮೆಲ್ಲಗೆ ಕೇಳಿದರು. ಇಲ್ಲ ಅಂದೆ. ಒಂದು ಕುಡಿದರು. ಎರಡಾಯಿತು. ಮೂರನೆಯ ಗ್ಲಾಸಿಗೆ "ತಮ್ಮಾ, ಖರೇ ಹೇಳು, ತಲಿ ಸ್ವಲ್ಪ ಗುಮ್ ಅಂತೈತಿ" ಅಂದರು. ಬರೀ ಚಾ ಐತ್ರಿ ಕಾಕಾ ಅಂದೆ. ಅವರ ಮುಖದಲ್ಲಿ ಕಂಡದ್ದು ಸಮಾಧಾನವೋ ನಿರಾಸೆಯೋ ತಿಳಿಯಲಿಲ್ಲ. ನಾಲ್ಕನೆಯದಕ್ಕೂ ಗ್ಲಾಸು ಚಾಚಿದರು.

ಸಂಜೆ ನಾಲ್ಕರ ಮೇಲೆ ಚಹಾ ಮುಟ್ಟದ ಅವ್ವ ಎರಡು ಗ್ಲಾಸು ಕುಡಿದಿದ್ದಳು. ರಾತ್ರಿ ಒಂದು ಗಂಟೆಗೆ ನೀರು ಕುಡಿಯಲು ಎದ್ದೆ. ಪಡಸಾಲೆಯಲ್ಲಿ ಅವ್ವ ಕಣ್ಣು ಪಿಳಿಪಿಳಿ ಬಿಟ್ಟು ಕೂತಿದ್ದಳು, ಕೈಬೆರಳು ಮಡಚುತ್ತ.

"ಲಿಂಬಿ, ಸಕ್ರಿ, ಚಾ, ನೀರು, ಜಾಯಿಕಾಯಿ" ಅಂದಳು. "ಐದಾತು. ಬರ್ಫ್ ಯಾರು ಎಣಿಸಿದ್ರೋ?"