ಹನ್ನೊಂದು ಮಕ್ಕಳ ಮನೆಗೆ ಹನ್ನೆರಡನೆಯದು

ಐರ್ಲೆಂಡ್ ಮತ್ತು ಬಸಿರು ಎಂದರೆ ಕನ್ನಡದವರಿಗೆ ನೆನಪಾಗುವುದು ಬೆಳಗಾವಿಯ ಸವಿತಾ ಹಾಲಪ್ಪನವರ್. 2012ರ ಅಕ್ಟೋಬರಿನಲ್ಲಿ ಗಾಲ್ವೇಯಲ್ಲಿ, ಕೇಳಿದ ಗರ್ಭಪಾತ ಸಿಗದೆ ಆಕೆ ತೀರಿಕೊಂಡದ್ದು, 2018ರಲ್ಲಿ ಈ ದೇಶ ಗರ್ಭಪಾತದ ನಿಷೇಧವನ್ನು ಸಂವಿಧಾನದಿಂದ ಕಿತ್ತುಹಾಕುವಾಗ ಗೋಡೆಗೋಡೆಯ ಮೇಲೂ ಆಕೆಯ ಮುಖವಿದ್ದದ್ದು ನಮಗೆಲ್ಲ ಗೊತ್ತು. ಆದರೆ ಸವಿತಾ ಅವರದು ಬಯಸಿದ ಬಸಿರು. ಯಾರೂ ಬಯಸದೆ, ಹೇಳದೆ ಕೇಳದೆ ಬಂದ ಬಸಿರನ್ನು ಇದೇ ದೇಶ ಹೇಗೆ ನೋಡಿಕೊಂಡಿತು ಅನ್ನುವುದು ಬೇರೆ ಕಥೆ. ಡಬ್ಲಿನ್ನಿನಲ್ಲಿ ಬದುಕುತ್ತಾ, ಇಲ್ಲಿನ ಹಿರಿಯರ ಮಾತು ಕೇಳುತ್ತಾ ನನಗೆ ಗಟ್ಟಿಯಾದ ಅಭಿಪ್ರಾಯ ಒಂದಿದೆ, ಹೇಳಿಬಿಡುತ್ತೇನೆ. ಮದುವೆಯಾಗದೆ ಬಸುರಾದ ಹುಡುಗಿಯರನ್ನು ಇಲ್ಲಿ ಕಾಪಾಡಿದ್ದು ಯಾವ ಪಾದ್ರಿಯ ಮನಪರಿವರ್ತನೆಯೂ ಅಲ್ಲ. ಕಾಪಾಡಿದ್ದು ಮಕ್ಕಳು ತುಂಬಿ ಕಾಲಿಡಲು ಜಾಗವಿಲ್ಲದ ಬಡವರ ಮನೆಗಳು ಮತ್ತು 1973ರಲ್ಲಿ ಶುರುವಾದ ಸರ್ಕಾರದ ವಾರದ ಭತ್ಯೆ.

ಆ ಮನೆಗಳಲ್ಲಿ ಅಷ್ಟೊಂದು ಮಕ್ಕಳು ಯಾಕೆ ಎಂದು ಮೊದಲು ಕೇಳಬೇಕು. "ಕ್ಯಾಥೊಲಿಕ್ಕರಲ್ಲವೇ" ಎಂದು ನಗುವವರಿಗೆ 1935ರ ಕಾನೂನು ಗೊತ್ತಿರುವುದಿಲ್ಲ. ಗರ್ಭನಿರೋಧಕ ಮಾರುವುದೂ ತಪ್ಪು, ಹೊರಗಿನಿಂದ ತರಿಸುವುದೂ ತಪ್ಪು. ಮೇರಿ ಮಗೀ ಎಂಬಾಕೆ ಮೀನುಗಾರನ ಹೆಂಡತಿ, ನಾಲ್ಕು ಮಕ್ಕಳ ತಾಯಿ. ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಹೇಳಿದ್ದರು. ಆಕೆ ಇಂಗ್ಲೆಂಡಿನಿಂದ ಅಂಚೆಯಲ್ಲಿ ತರಿಸಿದ ಗರ್ಭನಿರೋಧಕ ಜೆಲ್ಲಿಯನ್ನು ಕಸ್ಟಮ್ಸ್‌ನವರು ಹಿಡಿದಿಟ್ಟುಕೊಂಡರು. ಸುಪ್ರೀಂ ಕೋರ್ಟಿನವರೆಗೆ ಹೋಗಿ 1973ರಲ್ಲಿ ಗೆದ್ದಳು. ಗೆದ್ದಮೇಲೂ ಸರ್ಕಾರ ಹೊಸ ಕಾನೂನು ತರಲು 1979ರವರೆಗೆ ಎಳೆದಾಡಿತು, ತಂದದ್ದೂ ಡಾಕ್ಟರ ಚೀಟಿ ಇದ್ದವರಿಗೆ ಮಾತ್ರ. ಮಂತ್ರಿ ಚಾರ್ಲ್ಸ್ ಹಾಹಿ ಅದನ್ನು "ಐರಿಷ್ ಸಮಸ್ಯೆಗೆ ಐರಿಷ್ ಪರಿಹಾರ" ಎಂದು ಕರೆದರು. ಹದಿನೆಂಟು ದಾಟಿದವರು ಚೀಟಿಯಿಲ್ಲದೆ ಕಾಂಡೋಮ್ ಕೊಳ್ಳಲು 1985 ಬರಬೇಕಾಯಿತು. ಹುಡುಗಿಗೆ ಬಸಿರು ತಪ್ಪಿಸಿಕೊಳ್ಳುವ ದಾರಿ ಕೊಡದೆ, ಆಮೇಲೆ ಕಾಲು ಜಾರಿದವಳು ಎನ್ನುವುದು!

ಜಾರಿದವಳ ಮುಂದೆ ಇದ್ದ ದಾರಿಗಳು ಕಮ್ಮಿ. ರಾತ್ರಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಬಹುದು. ಅಲ್ಲಿನ ಸಮಾಜಕಾರ್ಯಕರ್ತರು ಇಂಥವರಿಗೆ "ಪಿಎಫ್‌ಐ" ಎಂದೇ ಹೆಸರಿಟ್ಟಿದ್ದರು, ಅಂದರೆ ಐರ್ಲೆಂಡಿನಿಂದ ಬಂದ ಬಸುರಿ. ಇಲ್ಲವೇ ತಾಯಿ-ಮಗು ಗೃಹ, ಅಂದರೆ ಮದುವೆಯಾಗದ ಬಸುರಿಯರನ್ನು ಇಟ್ಟುಕೊಂಡು ಹೆರಿಗೆ ಮಾಡಿಸುತ್ತಿದ್ದ ಸಂಸ್ಥೆ. 2021ರ ಜನವರಿಯಲ್ಲಿ ಹೊರಬಂದ ತನಿಖಾ ಆಯೋಗದ ವರದಿ 1922ರಿಂದ 1998ರವರೆಗಿನ ಹದಿನೆಂಟು ಸಂಸ್ಥೆಗಳನ್ನು ನೋಡಿತು: ಸುಮಾರು 56,000 ತಾಯಂದಿರು, 57,000 ಮಕ್ಕಳು, ಸತ್ತ ಮಕ್ಕಳು ಸುಮಾರು 9,000. ಟ್ಯೂಮ್ ಊರಿನ ಗೃಹವೊಂದರಲ್ಲೇ ಸತ್ತ 796 ಮಕ್ಕಳ ಹೆಸರುಗಳನ್ನು ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್ ಒಂದೊಂದಾಗಿ ದಾಖಲೆಗಳಿಂದ ಹೆಕ್ಕಿದರು. ಬದುಕುಳಿದ ಮಕ್ಕಳು ದತ್ತು ಹೋದರು. 1967ರಲ್ಲಂತೂ ಮದುವೆಯಾಚೆ ಹುಟ್ಟಿದ ಮಕ್ಕಳ ಸಂಖ್ಯೆಗೂ ದತ್ತು ಹೋದ ಮಕ್ಕಳ ಸಂಖ್ಯೆಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ, ನೂರಕ್ಕೆ 97.

ಆ ವರದಿಯ ಒಂದು ಮಾತು ನನಗೆ ಇವತ್ತಿಗೂ ನುಂಗಲಾಗಿಲ್ಲ. ಹುಡುಗಿಯರನ್ನು ಹಾಗೆ ನಡೆಸಿಕೊಂಡ ಹೊಣೆ ಮುಖ್ಯವಾಗಿ ಮಗುವಿನ ತಂದೆಯದು ಮತ್ತು ಹುಡುಗಿಯ ಮನೆಯವರದು, ಸರ್ಕಾರ ಮತ್ತು ಚರ್ಚು ಅದಕ್ಕೆ ಒತ್ತಾಸೆಯಾಗಿ ನಿಂತವು ಎನ್ನುತ್ತದೆ. ಮನೆಯವರು ಸಾಚಾಗಳು ಎಂದು ನಾನೂ ಹೇಳುವುದಿಲ್ಲ. ಆದರೆ ಮನೆಯವರ ತಲೆಯಲ್ಲಿ ಆ ಹೆದರಿಕೆ ತುಂಬಿದವರು ಯಾರು? ಭಾನುವಾರ ಪೀಠದ ಮೇಲೆ ನಿಂತು ಮಾತಾಡುತ್ತಿದ್ದವರು ಯಾರು? ಎರಡು ಎಕರೆ ಜಮೀನು, ಊರೊಳಗೊಂದು ಅಂಗಡಿ, ಪಾದ್ರಿಯಾಗಲು ಸೆಮಿನರಿಗೆ ಸೇರಿದ ಒಬ್ಬ ಮಗ ಇರುವ ಮನೆಗೆ ಮರ್ಯಾದೆ ಅನ್ನುವುದು ಆಸ್ತಿಯೇ. ಅಂಥವರು ಮಗಳನ್ನು ಕಾರಿನಲ್ಲಿ ಕೂರಿಸಿ ಕತ್ತಲಲ್ಲಿ ಬಿಟ್ಟುಬಂದರು. ಬಡವರೂ ಬಿಟ್ಟರು, ಸುಳ್ಳು ಹೇಳಬಾರದು. ಗೃಹಗಳಲ್ಲಿದ್ದ ಎಷ್ಟೋ ಹುಡುಗಿಯರು ಮನೆಗೆಲಸದವರೇ. ಹೆತ್ತವರ ಮನೆ ದೂರ, ಕೆಲಸದ ಮನೆ ಹೊರಗೆ ಹಾಕಿತ್ತು.

ಆದರೆ ಡಬ್ಲಿನ್ನಿನ ಕ್ರಮ್ಲಿನ್, ಫಿಂಗ್ಲಸ್, ಬ್ಯಾಲಿಮನ್ ಕಡೆಯ ಕಾರ್ಪೊರೇಷನ್ ಮನೆಗಳ, ಅಂದರೆ ನಗರಪಾಲಿಕೆ ಕಮ್ಮಿ ಬಾಡಿಗೆಗೆ ಕೊಟ್ಟ ಮನೆಗಳ ಕಥೆ ಕೇಳಿದರೆ ಬೇರೆಯದೊಂದು ಲೆಕ್ಕ ಕಾಣುತ್ತದೆ. ಎರಡು-ಮೂರು ಮಲಗುವ ಕೋಣೆ, ಒಂದೇ ಮಂಚದಲ್ಲಿ ತಲೆ ಒಂದು ಕಡೆ ಕಾಲು ಒಂದು ಕಡೆ ಮಾಡಿ ನಾಲ್ವರು, ಅಪ್ಪನಿಗೆ ಬಂದರಿನಲ್ಲೋ ಫ್ಯಾಕ್ಟರಿಯಲ್ಲೋ ಕೆಲಸ, ಇಲ್ಲದಿದ್ದರೆ ನಿರುದ್ಯೋಗದ ಹಣ. ಅಲ್ಲಿ ಮಗಳು ಬಸುರಿ ಎಂದು ಗೊತ್ತಾದ ದಿನ ಕೂಗಾಟ ಆಗುತ್ತಿತ್ತು, ಅಪ್ಪ ಕೋಟು ಹಾಕಿಕೊಂಡು ಪಬ್ಬಿಗೆ ನಡೆಯುತ್ತಿದ್ದ, ಅಣ್ಣಂದಿರು "ಯಾರವನು" ಎಂದು ಹಲ್ಲು ಕಡಿಯುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅಮ್ಮ ಅಟ್ಟದಿಂದ ಹಳೇ ಬಟ್ಟೆ ಇಳಿಸುತ್ತಿದ್ದಳು. ಮಗುವಿನ ಗಾಡಿ ಹೇಗೂ ಬೀದಿಯಲ್ಲಿ ಮನೆಯಿಂದ ಮನೆಗೆ ಓಡಾಡುತ್ತಲೇ ಇರುತ್ತಿತ್ತು.

ನನ್ನ ಜೊತೆ ಕೆಲಸ ಮಾಡುವವರೊಬ್ಬರು, ಅರವತ್ತರ ಆಸುಪಾಸಿನವರು, ಇಂಥ ಹನ್ನೊಂದು ಮಕ್ಕಳ ಮನೆಯ ಹನ್ನೆರಡನೆಯವರು. ದೊಡ್ಡಕ್ಕ ಎಂದುಕೊಂಡಿದ್ದವಳೇ ಹೆತ್ತವಳು ಎಂದು ತಿಳಿದದ್ದು ಮದುವೆಗೆ ಬರ್ತ್ ಸರ್ಟಿಫಿಕೇಟ್ ತೆಗೆಸಲು ಹೋದಾಗ. "ಬೀದಿಗೆಲ್ಲ ಗೊತ್ತಿತ್ತು, ಹಾಲಿನವನಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು" ಎಂದು ನಕ್ಕರು. ಅವರ ನಗುವಿಗೆ ನಾನು ಜೊತೆಗೂಡಲಿಲ್ಲ, ಯಾಕೆಂದರೆ ಮುಂದಿನ ಮಾತು ಅವರಾಗಿಯೇ ಹೇಳಿದರು: ಅಕ್ಕ ಮದುವೆಯಾಗಿ ಬರ್ಮಿಂಗ್‌ಹ್ಯಾಮಿಗೆ ಹೋದಳು, ಗಂಡನಿಗೆ ಕೊನೆಯವರೆಗೂ ಹೇಳಲಿಲ್ಲ.

"ಕುಟುಂಬ ಕಾಪಾಡಿತು" ಎಂದು ಹೇಳಿ ಎದೆಯುಬ್ಬಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕುಟುಂಬ ಅಂದರೆ ಯಾರು? ಅಮ್ಮ. ತನ್ನ ಕೊನೆಯ ಮಗು ಶಾಲೆಗೆ ಹೋಗಲು ಶುರುಮಾಡಿ ಉಸಿರು ಬಿಡುವ ಹೊತ್ತಿಗೆ, ನಲವತ್ತೈದೋ ನಲವತ್ತೆಂಟೋ ವಯಸ್ಸಿನಲ್ಲಿ, ಮತ್ತೆ ಬಾಟಲಿ ಕುದಿಸುವ ಕೆಲಸ. ನಿನಗೆ ಆಗುತ್ತದಾ ಎಂದು ಆಕೆಯನ್ನು ಕೇಳಿದವರುಂಟೇ? ಮಗಳ ಯೋಜಿಸದ ಬಸಿರು ಅಮ್ಮನಿಗೂ ಯೋಜಿಸದ ಬಾಣಂತನವೇ ಆಗಿತ್ತು. ಮಗುವಿನ ಅಪ್ಪ ಮಾತ್ರ ಎಲ್ಲ ಕಥೆಯಲ್ಲೂ ಎರಡನೇ ಸಾಲಿಗೇ ಕಾಣೆ.

1972ರಲ್ಲಿ ಮದುವೆಯಾಗದ ತಾಯಂದಿರೇ ಸೇರಿ 'ಚೆರಿಶ್' ಎಂಬ ಸಂಘ ಕಟ್ಟಿದರು. ಮುಂದೆ ದೇಶದ ರಾಷ್ಟ್ರಪತಿಯಾದ ಮೇರಿ ರಾಬಿನ್ಸನ್ ಅದರ ಮೊದಲ ಅಧ್ಯಕ್ಷೆ. ಮರುವರ್ಷ ಸರ್ಕಾರ ಅವಿವಾಹಿತ ತಾಯಂದಿರ ಭತ್ಯೆ ತಂದಿತು. ದೊಡ್ಡ ಮೊತ್ತವೇನಲ್ಲ. ಆದರೆ ಅದು ಹುಡುಗಿಯ ಹೆಸರಿಗೆ ಬರುತ್ತಿತ್ತು, ಅಂಚೆ ಕಚೇರಿಯ ಸಾಲಿನಲ್ಲಿ ಆಕೆಯೇ ನಿಂತು ತರುತ್ತಿದ್ದಳು. ಮನೆಗೆ ಬಂದು ಅಮ್ಮನ ಕೈಗೆ ಒಂದಿಷ್ಟು ಇಟ್ಟರೆ ಆಕೆ ಮನೆಯ ಹೊರೆಯಲ್ಲ, ದುಡ್ಡು ತರುವವಳು. "ಕಾರ್ಪೊರೇಷನ್ ಫ್ಲ್ಯಾಟ್ ಸಿಗಲಿ ಎಂದೇ ಬಸುರಾಗುತ್ತಾರೆ" ಎಂಬ ಕೊಂಕು ಆಗಿನಿಂದಲೂ ಇದೆ. ಬೆಳಗಿನ ವಾಂತಿಯಿಂದ ಹೆರಿಗೆ ನೋವಿನವರೆಗೆ ಅನುಭವಿಸಿ ಬ್ಯಾಲಿಮನ್ ಗೋಪುರದ ಲಿಫ್ಟ್ ಕೆಟ್ಟ ಮಹಡಿಯಲ್ಲೊಂದು ಕೋಣೆ ಗಿಟ್ಟಿಸುವ ಯೋಜನೆಯಂತೆ!

ಭತ್ಯೆ ಬಂದಮಾತ್ರಕ್ಕೆ ದೇಶ ಬದಲಾಗಲಿಲ್ಲ. 1982ರಲ್ಲಿ ವೆಕ್ಸ್‌ಫರ್ಡ್‌ನ ನ್ಯೂ ರಾಸ್‌ನಲ್ಲಿ ಐಲೀನ್ ಫ್ಲಿನ್ ಎಂಬ ಶಿಕ್ಷಕಿ ಮದುವೆಯಾಗದೆ ತಾಯಿಯಾದಳೆಂದು ಕೆಲಸ ಕಳೆದುಕೊಂಡಳು. 1985ರಲ್ಲಿ ಹೈಕೋರ್ಟು ಶಾಲೆಯ ಪರ ನಿಂತಿತು. 1984ರ ಜನವರಿ 31ರಂದು ಗ್ರಾನರ್ಡ್ ಎಂಬ ಸಣ್ಣ ಊರಿನಲ್ಲಿ ಹದಿನೈದರ ಆನ್ ಲವೆಟ್ ಮೇರಿಮಾತೆಯ ಗವಿಯ ಬಳಿ ಒಬ್ಬಳೇ ಹೆತ್ತು, ಮಗುವೂ ಉಳಿಯದೆ ತಾನೂ ಉಳಿಯದೆ ಹೋದಳು. ಅದಾದ ಮೇಲೆ ಇಲ್ಲಿನ ಜನಪ್ರಿಯ ನಿರೂಪಕ ಗೇ ಬರ್ನ್ ಅವರ ರೇಡಿಯೋ ಕಾರ್ಯಕ್ರಮಕ್ಕೆ ದೇಶದ ಮೂಲೆಮೂಲೆಯ ಹೆಂಗಸರು, ಅಜ್ಜಿಯರೂ ಸೇರಿ, ತಾವೂ ಹೀಗೆ ಹೆತ್ತಿದ್ದೆವು ಎಂದು ಪತ್ರ ಬರೆದರು. ಅಕ್ರಮ ಸಂತಾನ ಎಂಬ ಕಾನೂನಿನ ಹಣೆಪಟ್ಟಿ ಹೋದದ್ದು 1987ರಲ್ಲಿ. 1980ರಲ್ಲಿ ನೂರಕ್ಕೆ ಐದು ಮಕ್ಕಳು ಮದುವೆಯಾಚೆ ಹುಟ್ಟುತ್ತಿದ್ದರೆ ಈಗ ಹತ್ತಕ್ಕೆ ನಾಲ್ಕು. ಯಾರೂ ತಿರುಗಿ ನೋಡುವುದಿಲ್ಲ.

ಸರ್ಕಾರ 2021ರಲ್ಲಿ ಕ್ಷಮೆ ಕೇಳಿತು, 2024ರಲ್ಲಿ ಪರಿಹಾರದ ಅರ್ಜಿ ತೆರೆಯಿತು. ಗೃಹದಲ್ಲಿ ಹುಟ್ಟಿದ ಮಗು ಅಲ್ಲಿ ಆರು ತಿಂಗಳಾದರೂ ಇದ್ದಿರಬೇಕು ಎಂಬುದು ಅದರ ಷರತ್ತು. ಅದಕ್ಕೂ ಮೊದಲೇ ತಾಯಿಯ ಮಡಿಲಿಂದ ಕಿತ್ತು ದತ್ತು ಕೊಟ್ಟಿದ್ದರೆ ಏನೂ ಸಿಗದು. ಇದನ್ನು ಬರೆದ ಅಧಿಕಾರಿಗೆ ಆ ಮಕ್ಕಳು ಕಳೆದುಕೊಂಡದ್ದೇನು ಎಂದು ಯಾರಾದರೂ ಕೂತು ವಿವರಿಸಬೇಕು.