ಬರೀ ಕಡಲ ಜೀವಿಗಳಲ್ಲ

ಮೊಂಟೆ ಸ್ಯಾನ್ ಜಾರ್ಜಿಯೊ ಬೆಟ್ಟದ ಪಳೆಯುಳಿಕೆಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಅಲ್ಲಿ ಸಿಕ್ಕಿದ್ದೆಲ್ಲ ಕಡಲ ಜೀವಿಗಳೇ ಅಂತ ಬರೆದಿದ್ದೀರಿ. ಅದು ಪೂರ್ತಿ ಸರಿಯಲ್ಲ. ನೆಲದ ಮೇಲೆ ಓಡಾಡುತ್ತಿದ್ದ ಟಿಸಿನೊಸುಕಸ್ ಎಂಬ ಸರೀಸೃಪ ಸಿಕ್ಕಿದ್ದೂ ಸ್ವಿಟ್ಜರ್ಲೆಂಡಿನ ಇದೇ ಬೆಟ್ಟದಲ್ಲಿ. ಕೀಟ, ಗಿಡಗಳ ಪಳೆಯುಳಿಕೆಯೂ ಇವೆ. ಸುಮಾರು 24 ಕೋಟಿ ವರ್ಷದ ಹಿಂದೆ ಅಲ್ಲಿದ್ದದ್ದು ದಡಕ್ಕೆ ಹತ್ತಿರದ ಲಗೂನ್, ಅಂದರೆ ತೆರೆದ ಕಡಲಿನಿಂದ ಸ್ವಲ್ಪ ಬೇರೆಯಾದ ಹಿನ್ನೀರು, ಅಲ್ವಾ! ತಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಸತ್ತು ಮುಳುಗಿದ್ದನ್ನು ಕೆದಕಿ ತಿನ್ನುವವರೇ ಇರಲಿಲ್ಲ. ಅದಕ್ಕೇ ಎಷ್ಟೋ ಅಸ್ಥಿಪಂಜರಗಳು ಚೆದುರದೆ ಉಳಿದವು.

ಇನ್ನು ಅಲ್ಲೇ ಸಿಕ್ಕ ಉದ್ದ ಕತ್ತಿನ ಸರೀಸೃಪ ಟ್ಯಾನಿಸ್ಟ್ರೋಫಿಯಸ್‌ಗೆ ಒಂದೇ ಸಾಲು ಕೊಟ್ಟಿದ್ದು ಸ್ವಲ್ಪ ಬೇಜಾರಾಯಿತು. ಕತ್ತೇ ಸುಮಾರು 3 ಮೀಟರ್, ಅದರಲ್ಲಿ ಮೂಳೆ ಬರೀ 13. ಒಂದೊಂದೂ ಕೋಲಿನಷ್ಟು ಉದ್ದ. ಹಿಂದೊಮ್ಮೆ ಕೆಲವು ವಿಜ್ಞಾನಿಗಳು ಅವನ್ನು ಹಾರುವ ಸರೀಸೃಪದ ರೆಕ್ಕೆ ಮೂಳೆ ಅಂದುಕೊಂಡಿದ್ದರು!