ಆ ಸ್ಕ್ಯಾನ್ ಫಿಲ್ಮನ್ನು ಬೀರು ಮೇಲೆ ಯಾಕೆ ಇಟ್ಟೆವು?

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಹೋದ ಸೋಮವಾರ ಪಕ್ಕದ ಮನೆ ಅಜ್ಜ ಸಿಕ್ಕಿ, ಶರ್ಟ್ ಎತ್ತಿ ಪಕ್ಕೆಯ ಮೇಲಿನ ಪುಟ್ಟ ಪ್ಲಾಸ್ಟರ್ ತೋರಿಸಿದರು. ಲಿವರ್‌ನಲ್ಲಿ 2 ಸೆಂಟಿಮೀಟರ್ ಕ್ಯಾನ್ಸರ್ ಗಡ್ಡೆ ಇತ್ತಂತೆ. ಗುರುವಾರ ಸಿಟಿ ಸ್ಕ್ಯಾನ್ ನೋಡಿಕೊಂಡೇ ಸೂಜಿ ಇಳಿಸಿ, ಮೈಕ್ರೋವೇವ್ ಬಿಸಿಯಲ್ಲಿ ಸುಟ್ಟು, ಶುಕ್ರವಾರ ಮನೆಗೆ ಕಳಿಸಿದರಂತೆ. ಡಾಕ್ಟರ್ ಮೊದಲ ದಿನವೇ ಸ್ಕ್ರೀನನ್ನು ಅವರ ಕಡೆ ತಿರುಗಿಸಿ, "ಇದೇ ಗಡ್ಡೆ, ಸೂಜಿ ಈ ಕಡೆಯಿಂದ ಬರುತ್ತೆ" ಎಂದು ತೋರಿಸಿದ್ದರಂತೆ. ಅದನ್ನು ಕೇಳಿ ನನ್ನ ಹೊಟ್ಟೆ ಚುರುಕ್ ಅಂದಿತು.

ಶ್ರೀನಿವಾಸಪುರದ ನಮ್ಮ ದೊಡ್ಡಪ್ಪನಿಗೆ ಎರಡು ವರ್ಷದ ಹಿಂದೆ ಹೀಗೇ ಲಿವರ್‌ನಲ್ಲಿ ಗಡ್ಡೆ ಬಂತು. ಎರಡೂವರೆ ಸೆಂಟಿಮೀಟರ್. ಬೆಂಗಳೂರಿನ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು: ಸೂಜಿಯ ತುದಿಗೆ ಕರೆಂಟ್ ಹಾಯಿಸಿ 60 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡಿದರೆ ಗಡ್ಡೆ ಸಾಯುತ್ತದೆ, 3 ಸೆಂಟಿಮೀಟರ್ ಒಳಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ, ತಡ ಮಾಡಬೇಡಿ. ಹೇಳಿದ್ದು ಕಾರಿಡಾರಿನಲ್ಲಿ ನಿಂತಿದ್ದ ನಾವು ಏಳು ಜನಕ್ಕೆ. ದೊಡ್ಡಪ್ಪನಿಗೆ ನಾವು ಗ್ಯಾಸ್ಟ್ರಿಕ್ ಅಂದೆವು. ಫಿಲ್ಮ್ ಬೀರು ಮೇಲೆ ಹೋಯಿತು. ಸೂಜಿ ಚುಚ್ಚಿದರೆ ಮೈಯೆಲ್ಲಾ ಹರಡುತ್ತೆ ಅಂತ ಒಬ್ಬರು, ಯುಗಾದಿ ಕಳೀಲಿ ಅಂತ ಇನ್ನೊಬ್ಬರು, ಆಮೇಲೆ ಮಗಳ ಗೃಹಪ್ರವೇಶ, ಹೀಗೆ ಐದು ತಿಂಗಳು ಹೋಯಿತು. ಮುಂದಿನ ಸ್ಕ್ಯಾನ್‌ನಲ್ಲಿ 5 ಸೆಂಟಿಮೀಟರ್.

ಆಗ ಉಳಿದಿದ್ದು ಇನ್ನೊಂದು ದಾರಿ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಟ್ಯೂಬ್ ಬಿಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಾ ಲಿವರ್ ತನಕ ಹೋಗಿ, ಗಡ್ಡೆಗೆ ರಕ್ತ ಕೊಡುವ ನಾಳಕ್ಕೇ ಕೀಮೋ ಹಾಕಿ ಅದನ್ನು ಮುಚ್ಚುವುದು. ಈ ಸಲ ಒಬ್ಬ ಹುಡುಗ ಡಾಕ್ಟರ್, ನಾವು ಕಣ್ಸನ್ನೆ ಮಾಡುವುದರೊಳಗೆ, ದೊಡ್ಡಪ್ಪನಿಗೇ ಎಲ್ಲಾ ಹೇಳಿಬಿಟ್ಟರು. ದೊಡ್ಡಪ್ಪ ಅಳಲಿಲ್ಲ, ಕುಸಿಯಲಿಲ್ಲ. "ಡ್ರಿಪ್ ಪೈಪಲ್ಲಿ ಔಷಧಿ ಬಿಟ್ಟು ಆ ಸಾಲಿನ ವಾಲ್ವ್ ಬಂದ್ ಮಾಡ್ತೀರಾ? ಹಂಗಾದ್ರೆ ಉಳಿದ ಗಿಡಕ್ಕೆ ನೀರು ಎಲ್ಲಿಂದ?" ಎಂದು ಕೇಳಿದರು. ಡಾಕ್ಟರ್ ಮುಖ ಅರಳಿತು. ಒಳ್ಳೆಯ ಲಿವರ್‌ಗೆ ಹೆಚ್ಚಿನ ರಕ್ತ ಬೇರೆ ನಾಳದಿಂದ ಬರುತ್ತದೆ, ಗಡ್ಡೆ ಕುಡಿಯುವುದು ಮಾತ್ರ ಈ ಸಾಲಿನಿಂದ ಎಂದರು. ಮೂವತ್ತು ವರ್ಷ ಟೊಮೇಟೊ ಬೆಳೆದ ಮನುಷ್ಯನಿಗೆ ಒಂದು ನಿಮಿಷ ಸಾಕಾಯಿತು. ಅವರ ಮೈ, ಅವರ ಗಡ್ಡೆ, ಐದು ತಿಂಗಳು ನಾವು ಸುಮ್ನೆ ಕಾದಿದ್ದು ಯಾರಿಗಾಗಿ? ಇದನ್ನು ನಾನು ಪ್ರೀತಿ ಅಂತ ಒಪ್ಪಲಾರೆ.

ಸೂಜಿಯ ಭಯ ಪೂರ್ತಿ ಸುಳ್ಳಲ್ಲ ಅನ್ನುವುದನ್ನೂ ಹೇಳಬೇಕು. ಅಪರೂಪಕ್ಕೆ ಸೂಜಿಯ ದಾರಿಯಲ್ಲಿ ಕಣಗಳು ಉಳಿಯುತ್ತವೆ, ಅದಕ್ಕೇ ಹೊರತೆಗೆಯುವಾಗ ಆ ದಾರಿಯನ್ನೂ ಸುಟ್ಟುಕೊಂಡು ಬರುತ್ತಾರೆ. ಕೇಳಿದ್ದರೆ ನಮಗೂ ಹೇಳುತ್ತಿದ್ದರು, ಅಲ್ವಾ? ಮತ್ತೆ, ಇಲ್ಲಿನ ಅಜ್ಜ ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ಒಬ್ಬರೇ ಬಂದರು. ದೊಡ್ಡಪ್ಪನ ಮಂಚದ ಪಕ್ಕ ಒಂದು ರಾತ್ರಿಯೂ ಖಾಲಿ ಇರಲಿಲ್ಲ, ಚಿಕ್ಕಮ್ಮ ದಿನಾ ಮೊದಲ ಬಸ್ಸಿಗೆ ರಾಗಿ ಗಂಜಿ ತರುತ್ತಿದ್ದರು.

ನಿನ್ನೆ ವಿಡಿಯೋ ಕಾಲ್‌ನಲ್ಲಿ ಅಜ್ಜನ ವಿಷಯ ಹೇಳಿದೆ. "ಎಷ್ಟು ಸೆಂಟಿಮೀಟರ್ ಇತ್ತಂತೆ?" ಎಂದು ದೊಡ್ಡಪ್ಪ ಮೊದಲು ಅದನ್ನೇ ಕೇಳಿದರು. ಎರಡು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.